ಮನೇಲಿ ಹುಷಾರಿಲ್ಲ

ಆದಿಲಕ್ಷ್ಮಮ್ಮ ಗಂಡನ ಮನೆ ಬಿಟ್ಟು ಹೋಗುವಾಗ ‘ಬರ್ತೀನಿ’ ಎಂದಿದ್ದಳು. ಬಚ್ಚಪ್ಪ ಅದನ್ನು ನಂಬಿಕೊಂಡ.

ನಮ್ಮ ಕಡೆ ಹೊರಡುವವರೆಲ್ಲ ಬರ್ತೀನಿ ಎಂದೇ ಹೊರಡುತ್ತಾರೆ. ಇನ್ನು ಈ ಹೊಸಲು ತುಳಿದರೆ ಕೇಳು ಎಂದು ಎಲೆ ಮುಂದಿನಿಂದ ಎದ್ದುಹೋಗುವ ನೆಂಟನೂ ಬೀದಿಗೆ ಇಳಿದ ಮೇಲೆ ಒಮ್ಮೆ ತಿರುಗಿ ‘ಬರ್ತೀನಿ’ ಎಂದೇ ಹೋಗುತ್ತಾನೆ. ಹೋಗ್ತೀನಿ ಎಂದರೆ ಅಪಶಕುನ. ಇದು ಬಚ್ಚಪ್ಪನಿಗೂ ಗೊತ್ತಿತ್ತು. ಆದರೆ ತನ್ನ ಹೆಂಡತಿ ಹೇಳಿದ್ದು ಆ ಥರದ ಬರ್ತೀನಿ ಅಲ್ಲ, ನಿಜವಾಗಿ ಬರುವ ಬರ್ತೀನಿ ಎಂದು ಅವನು ತನ್ನಷ್ಟಕ್ಕೆ ತೀರ್ಮಾನ ಮಾಡಿಕೊಂಡಿದ್ದ.

ಅವನು ಓಬೇದುಲ್ಲಾ ಸಾಹೇಬರ ಬಸ್ಸಿಗೆ ಏಜೆಂಟ್. ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಒಂದು ಬೇವಿನ ಮರ, ಅದರ ಕೆಳಗೊಂದು ಮೇಜು, ಮೇಜಿನ ಹಿಂದೆ ಬಚ್ಚಪ್ಪ. ಶ್ರೀನಿವಾಸಪುರದ ಬಸ್ಸಿಗೆ ಟಿಕೆಟ್ ಕೊಡುವುದು ಅವನ ಕೆಲಸ. ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಬೆನ್ನಿಗೆ ಒಂದೊಂದು ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಏರು ಸಿಕ್ಕರೆ ಬಸ್ಸು ನಿಲ್ಲುತ್ತಿತ್ತು, ಜನ ಇಳಿದು ತಳ್ಳುತ್ತಿದ್ದರು. ಆದ್ದರಿಂದ ಸಾಹೇಬರು ತಮ್ಮ ಏಜೆಂಟರನ್ನೆಲ್ಲ ಕರೆದು, ಸೀಟಿಗೊಬ್ಬರು, ಮೇಲೆ ಒಂದು ನರಪಿಳ್ಳೆಯೂ ಕೂಡದು ಎಂದು ಅಪ್ಪಣೆ ಮಾಡಿದರು. ಮಿಕ್ಕವರು ತಲೆಯಾಡಿಸಿ ಮರೆತರು. ಬಚ್ಚಪ್ಪ ಪಾಲಿಸಿದ.

ಸಂಕ್ರಾಂತಿಗೆ ಮುಂಚೆ ಒಂದು ದಿನ ಆದಿಲಕ್ಷ್ಮಮ್ಮ ಅದೇ ಮೇಜಿನ ಮುಂದೆ ಬಂದು ನಿಂತು, “ನಮ್ಮವ್ವಂಗೆ ಕಾಯಿಲೆ ಜೋರಾಗಿದೆಯಂತೆ, ಈ ಬಸ್ಸಿಗೇ ಹೋಗ್ಬೇಕು” ಎಂದಳು. ಬಚ್ಚಪ್ಪ ಬಸ್ಸಿನ ಕಡೆ ನೋಡಿದ. ತುಂಬಿತ್ತು. “ಸೀಟಿಲ್ಲ ಕಣೇ, ನಾಳೆ ಬಾ” ಎಂದ. ಎಲ್ಲರಿಗೂ ಹೇಳುವ ದನಿಯಲ್ಲೇ ಹೇಳಿದ. ಮಾರನೆಯ ದಿನ ಕಿಟಕಿ ಪಕ್ಕದ ಸೀಟನ್ನೇ ಕೊಟ್ಟ. ಅವಳು ಶ್ರೀನಿವಾಸಪುರದಲ್ಲಿ ಇಳಿದು ಅಣ್ಣನ ಮನೆ ಮುಟ್ಟುವ ಹೊತ್ತಿಗೆ, ಅವ್ವನನ್ನು ಮಣ್ಣು ಮಾಡಿ ಬಂದವರು ಕೈಕಾಲು ತೊಳೆಯುತ್ತಿದ್ದರು.

ತಿಥಿ ಮುಗಿಸಿ ಬಂದವಳು ಒಂದು ವಾರ ಹಿಟ್ಟು ಬೇಯಿಸಿ ಹಾಕಿದಳು, ಮಾತಾಡಲಿಲ್ಲ. ಆಮೇಲೊಂದು ಬೆಳಗ್ಗೆ ಟ್ರಂಕು ಎತ್ತಿಕೊಂಡು ಬರ್ತೀನಿ ಎಂದು ಹೊರಟಳು. ಬಸ್ಸಿಗೆ ಬರಲಿಲ್ಲ, ರೈಲಿಗೆ ಹೋದಳು. ಆವತ್ತು ಬಸ್ಸು ಅರ್ಧ ಖಾಲಿ ಇತ್ತು.

ಬೀದಿಯವರು ಕೇಳಿದರೆ ಬಚ್ಚಪ್ಪ, “ಅಣ್ಣನ ಮನೇಲಿ ಮಾವಿನಕಾಯಿ ಕೀಳ್ತಾ ಇದ್ದಾರೆ. ಕೈ ಆಸರೆಗೆ ಹೋಗಿದೆ. ಬರ್ತೀನಿ ಅಂದಿದೆ” ಎನ್ನುತ್ತಿದ್ದ.

ಎದುರುಮನೆಯ ದೊಡ್ಡವೆಂಕಟಮ್ಮ ಸುಮ್ಮನೆ ಕೇಳಿಕೊಂಡು ಹೋಗುವ ಪೈಕಿ ಅಲ್ಲ. ಆ ಬೀದಿಯಲ್ಲಿ ಹುಟ್ಟಿದ್ದು, ಸತ್ತದ್ದು, ಮೈನೆರೆದದ್ದು ಯಾವುದೂ ಅವಳು ಹೌದು ಎನ್ನುವವರೆಗೆ ಆದಂತೆ ಲೆಕ್ಕವಿಲ್ಲ. “ಮಾವು ಇನ್ನೂ ಹೂವೇ ಬಿಟ್ಟಿಲ್ಲ ಕಣೋ. ಕೀಳೋಕೆ ಈಗ್ಲೇ ಹೋದ್ಲಾ?” ಎಂದಳು.

“ಮುಂಚಿತವಾಗಿ ಹೋಗಿದೆ” ಎಂದ ಬಚ್ಚಪ್ಪ.

ಅವನು ಹೆಂಡತಿಯನ್ನು ‘ಅದು’ ಎನ್ನುತ್ತಿದ್ದ. ಇದರಲ್ಲಿ ಅಗೌರವವಿಲ್ಲ. ಆ ಬೀದಿಯ ಗಂಡಸರೆಲ್ಲ ಹೆಂಡತಿಯ ಹೆಸರು ಹೇಳಲು ನಾಚಿ ಹಾಗೇ ಅನ್ನುತ್ತಿದ್ದರು. ‘ಅದು ನೀರಿಗೆ ಹೋಗಿದೆ’ ಎಂದರೆ ಹೆಂಡತಿ, ‘ಮನೇಲಿ ಬೈತಾರೆ’ ಎಂದರೂ ಹೆಂಡತಿಯೇ. ವ್ಯಾಕರಣ ಬಲ್ಲವರಿಗೆ ಇದು ತಪ್ಪಾಗಿ ಕಾಣಬಹುದು. ಮುಂದೆ ನಡೆದದ್ದಕ್ಕೆಲ್ಲ ಈ ವ್ಯಾಕರಣವೇ ಕಾರಣ.

ಮಾಘ ಕಳೆಯಿತು, ಯುಗಾದಿ ಕಳೆಯಿತು. ಕೊನೆಗೆ ಬಚ್ಚಪ್ಪನ ಸುಳ್ಳಿಗೆ ಋತು ಕೂಡಿಬಂತು. ಶ್ರೀನಿವಾಸಪುರದಿಂದ ಮಾವಿನ ಗಾಡಿಗಳು ಸಾಲುಗಟ್ಟಿ ಬರತೊಡಗಿದವು. ಆದಿಲಕ್ಷ್ಮಮ್ಮ ಬರಲಿಲ್ಲ.

ಅವಳು ಬಿಟ್ಟುಹೋದದ್ದು ಒಂದು ಕರಿ ಕೋಳಿಯನ್ನು. ಹಿತ್ತಲಿನಲ್ಲಿ ಅವಳೇ ಕಾವಿಗೆ ಇಡಿಸಿ, ಹದ್ದಿನಿಂದ ಉಳಿಸಿ ಬೆಳೆಸಿದ್ದು. ಹೆಂಡತಿ ಇದ್ದಾಗ ಬಚ್ಚಪ್ಪ ಅದರ ಕಡೆ ತಿರುಗಿಯೂ ನೋಡಿದವನಲ್ಲ. ಈಗ ಸಂಜೆ ಮನೆಗೆ ಬಂದು ಜಗಲಿಯ ಮೇಲೆ ಕೂತರೆ ಅದೂ ಬಂದು ಕೂರುತ್ತಿತ್ತು. ಇವತ್ತು ಬಸ್ಸು ಎಲ್ಲಿ ಕೆಟ್ಟಿತು, ಯಾರು ಸೀಟಿಗಾಗಿ ಜಗಳವಾಡಿದರು ಎಂದು ಅವನು ಹೇಳಿದರೆ ತಲೆ ಓರೆ ಮಾಡಿ ಕೇಳುತ್ತಿತ್ತು. ಆ ಮನೆಯಲ್ಲಿ ಅಷ್ಟು ಮಾಡುವುದು ಈಗ ಅದೊಂದೇ.

ಜ್ಯೇಷ್ಠ ಹುಟ್ಟುವ ಹೊತ್ತಿಗೆ ಕೋಳಿ ಮಂಕಾಯಿತು. ಕಾಳು ಮುಟ್ಟದು. ಜುಟ್ಟಿನ ಮೇಲೆ, ಕಣ್ಣಿನ ಸುತ್ತ ಗುಳ್ಳೆ ಎದ್ದವು. ಬಚ್ಚಪ್ಪ ದೊಡ್ಡವೆಂಕಟಮ್ಮನನ್ನು ಕೇಳಲಿಲ್ಲ. ಕೇಳಿದರೆ ಅವಳು ಏನು ಹೇಳುತ್ತಾಳೆಂದು ಗೊತ್ತಿತ್ತು: ಪೂರ್ತಿ ಸಾಯೋಕೆ ಮುಂಚೆ ಮೆಣಸು ಅರೀ. ಅವನು ಅದನ್ನು ಪಂಚೆಯ ತುದಿಯಲ್ಲಿ ಸುತ್ತಿಕೊಂಡು ಬಸ್ ಸ್ಟ್ಯಾಂಡಿಗೆ ತಂದ. ಸುಗಟೂರಿನ ದೊಡ್ಡಗಂಗಮ್ಮ ಸಂತೆಗೆ ಕೋಳಿ ತರುವವಳು, ಬುಟ್ಟಿ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದಳು. ಅವಳಿಗೆ ಗುಟ್ಟಾಗಿ ತೋರಿಸಿದ.

“ಅಮ್ಮವಾರು ಪೋಸಿಂದಿ ನಾಯ್ನಾ” ಎಂದಳು ಅವಳು ತೆಲುಗಿನಲ್ಲಿ. ಬಚ್ಚಪ್ಪ ಬಾಯಿ ಬಿಟ್ಟುಕೊಂಡು ನಿಂತದ್ದು ನೋಡಿ ಕನ್ನಡದಲ್ಲೂ ಹೇಳಿದಳು. “ಅಮ್ಮ ಆಗಿದೆ ಕಣಪ್ಪ. ಸಿಡುಬಮ್ಮ.”

“ಕೋಳಿಗೂ ಆಗತ್ತಾ?”

“ಅಮ್ಮನಿಗೆ ಕೋಳಿ ಬೇರೆ, ಮನ್ಷ ಬೇರೆನಾ? ಬೇವು, ಅರಿಶಿನ ಅರೆದು ಹಚ್ಚು. ಅಂಬಲಿ ತಿಳಿ ಬಾಯಿಗೆ ಬಿಡು, ಹೊತ್ತು ಹೊತ್ತಿಗೆ. ಮನೇಲಿ ಒಗ್ಗರಣೆ ಸಿಡಿಸ್ಬೇಡ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟು. ಅಮ್ಮ ಬಂದೌಳೆ ಅಂದ್ಮೇಲೆ ಮರ್ಯಾದೆಯಿಂದ ನೋಡ್ಕೋಬೇಕು.” ಇಷ್ಟು ಹೇಳಿ ಬಸ್ಸು ಹತ್ತಿ ಹೋದಳು. ಇಡೀ ಕೋಲಾರದಲ್ಲಿ ನಿಜ ಗೊತ್ತಿದ್ದ ಎರಡನೆಯ ಜೀವ ಹಾಗೆ ಊರು ಬಿಟ್ಟಿತು.

ಹೊತ್ತು ಹೊತ್ತಿಗೆ ಅಂಬಲಿ ಬಿಡಬೇಕಾದರೆ ಮಧ್ಯಾಹ್ನ ಮನೆಗೆ ಹೋಗಬೇಕು. ಮಧ್ಯಾಹ್ನವೇ ಬಸ್ಸು. ಬಚ್ಚಪ್ಪ ಸಾಹೇಬರ ಮುಂದೆ ನಿಂತು ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಕೋಳಿಗೆ ಹುಷಾರಿಲ್ಲ, ರಜಾ ಕೊಡಿ ಎಂದು ಕೇಳುವುದು ಹೇಗೆ? ಕೋಳಿಗೆ ಹುಷಾರಿಲ್ಲದಿದ್ದರೆ ಜನ ಸಾರು ಮಾಡುತ್ತಾರೆ, ರಜಾ ಕೇಳುವುದಿಲ್ಲ. ಹಾಗೆಂದು ಸಾಹೇಬರ ಮುಂದೆ ಸುಳ್ಳು ಹೇಳಿ ಅಭ್ಯಾಸವೂ ಇಲ್ಲ. ಯೋಚಿಸಿ ಒಂದು ನಿಜವನ್ನೇ ಹೇಳಿದ.

“ಮನೇಲಿ ಹುಷಾರಿಲ್ಲ ಸಾಹೇಬ್ರೇ. ಅಮ್ಮ ಆಗಿದೆ.”

ಓಬೇದುಲ್ಲಾ ಸಾಹೇಬರು ವೀಳ್ಯದೆಲೆ ಮಡಿಸುತ್ತಿದ್ದವರು ಕೈ ನಿಲ್ಲಿಸಿದರು. “ಅರೆ, ಮನೆಯವ್ರು ಬಂದ್ರಾ? ಯಾವಾಗ? ಹೇಳೇ ಇಲ್ಲ ನೀನು. ಬಂದಿದ್ದೇ ಹಿಂಗಾಯ್ತಾ, ತೌಬಾ ತೌಬಾ.” ಅವರ ಕಣ್ಣಲ್ಲಿ ಮೊದಲು ಸಂತೋಷ, ಆಮೇಲೆ ಮರುಕ ಬಂತು. ಆರು ವರ್ಷದ ಚಾಕರಿಯಲ್ಲಿ ಅವರು ಬಚ್ಚಪ್ಪನ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

“ಅಲ್ಲ, ಅದು…” ಎಂದ ಬಚ್ಚಪ್ಪ.

“ಅದಕ್ಕೇ ಅಂತೀನಿ, ಅದು ವಾಸಿ ಆಗೋವರ್ಗೂ ಮಧ್ಯಾಹ್ನ ನೀನು ಮನೇಲಿರು. ಬಸ್ಸನ್ನ ಕದಿರೇಶ ನೋಡ್ಕೋತಾನೆ. ನನ್ನ ಹತ್ರ ಬರ್ಬೇಡ, ಅಲ್ಲೇ ದೂರ ನಿಂತು ಮಾತಾಡು.”

ಕಂಡಕ್ಟರ್ ಕದಿರೇಶ ಆಗಲೇ ನಾಲ್ಕು ಹೆಜ್ಜೆ ಹಿಂದೆ ಸರಿದಿದ್ದ. ಬಚ್ಚಪ್ಪ ನಾಳೆ ಬಿಡಿಸಿ ಹೇಳಿದರಾಯಿತು ಎಂದುಕೊಂಡು ಬೇವಿನ ಸೊಪ್ಪು ಮುರಿದುಕೊಂಡು ಮನೆಗೆ ಹೋದ.

ಸೊಪ್ಪು ಬಾಗಿಲಿಗೆ ಬಿದ್ದದ್ದೇ ತಡ, ಬೀದಿ ತಣ್ಣಗಾಯಿತು. ಆಟದ ಮಕ್ಕಳು ರೆಟ್ಟೆ ಹಿಡಿಸಿಕೊಂಡು ಒಳಗೆ ಹೋದವು. ಬೀದಿಯ ಅಷ್ಟೂ ಮನೆಯಲ್ಲಿ ಸಾಸಿವೆ ಸಿಡಿಯುವುದು ನಿಂತಿತು. ಸ್ವಲ್ಪ ಹೊತ್ತಿಗೆ ದೊಡ್ಡವೆಂಕಟಮ್ಮ ಮೊಸರನ್ನದ ಬಟ್ಟಲು ಹಿಡಿದು ಬಂದು, ಚಪ್ಪಲಿ ಬೀದಿಯ ಆ ಬದಿಯಲ್ಲೇ ಬಿಟ್ಟು, ಜಗಲಿಯ ಅಂಚಿನಲ್ಲಿ ಬಟ್ಟಲಿಟ್ಟು ಹಿಂದೆ ಸರಿದು ನಿಂತಳು.

“ಯಾವಾಗ ಬಂದ್ಲೋ ತಾಯಿ?” ಎಂದಳು. ಅವಳು ಕೇಳಿದ್ದು ಆದಿಲಕ್ಷ್ಮಮ್ಮ ಯಾವಾಗ ಬಂದಳು ಎಂದು.

ಬಚ್ಚಪ್ಪ ಸಿಡುಬಮ್ಮನನ್ನು ಕೇಳುತ್ತಿದ್ದಾಳೆಂದುಕೊಂಡ. “ಸೋಮವಾರ.”

“ಒಂದು ಮಾತು ಹೇಳ್ಬಾರ್ದಾ? ಕಣ್ಣು ಬಿಟ್ಟೌಳಾ?”

“ಒಂದು ಕಣ್ಣು ಬಿಟ್ಟಿದೆ. ಇನ್ನೊಂದು ಕಟ್ಕೊಂಡಿದೆ.”

“ಏನಾದ್ರೂ ತಗೋತಾ?”

“ಬೆಳಗ್ಗೆ ಎರಡು ರಾಗಿ ಕಾಳು.”

“ಅಂಬಲಿ ಅನ್ನೋ, ಕಾಳು ಅಂತಾನೆ. ಗಾಬರೀಲಿ ಮಾತೂ ತಪ್ತಾ ಇದೆ ಪಾಪ.” ಅವಳು ಒಳಗಿನ ಕತ್ತಲೆ ಕಡೆ ಕತ್ತು ಚಾಚಿ ಜೋರಾಗಿ ಕೂಗಿದಳು. “ಆದಿಲಕ್ಷ್ಮೀ, ನಾನು ಕಣೇ ದೊಡ್ಡವೆಂಕಟಮ್ಮ. ಧೈರ್ಯವಾಗಿರು.”

ಒಳಗಿನಿಂದ ಕೋಳಿ ‘ಕೊರ್ರ್’ ಎಂದಿತು.

ದೊಡ್ಡವೆಂಕಟಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಗಂಟ್ಲಿಗೂ ಇಳಿದಿದೆ. ಎಷ್ಟು ಚೆನ್ನಾಗಿತ್ತು ಅವಳ ದನಿ.”

ಬೀದಿಯೂ ಹಾಗೇ ತಿಳಿದುಕೊಂಡಿದೆ ಎಂದು ಆಗ ಬಚ್ಚಪ್ಪನಿಗೆ ಅರ್ಥವಾಯಿತು. ಬಾಯಿ ತೆರೆದ. ಆದರೆ ದೊಡ್ಡವೆಂಕಟಮ್ಮ, “ನೀನು ಉಂಡ್ಯೇನೋ?” ಎಂದಳು. ಜನವರಿಯಿಂದ ಈಚೆಗೆ ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಅವನು ಇಲ್ಲ ಎಂದ. ಹೇಳಬೇಕಾದದ್ದು ಅಲ್ಲಿಗೇ ನಿಂತಿತು.

ಮಾರನೆಯ ದಿನದಿಂದ ಜಗಲಿಯ ಮೇಲೆ ಬಟ್ಟಲುಗಳ ಸಾಲು. ಎಳನೀರು, ಮಜ್ಜಿಗೆ, ತಣ್ಣನೆ ಮುದ್ದೆ, ಕರಬೂಜ. ಹಿಂದಿನ ಬೀದಿಯ ಜೈನಾಬ್ ಬೀ ಕೂಡ ಸಬ್ಜಾ ಬೀಜದ ನೀರು ಕಳಿಸಿದರು. ಯಾರೂ ಒಳಗೆ ಬರುವುದಿಲ್ಲ. ದಾರಿಯಲ್ಲಿ ಸಿಕ್ಕಿದವರು ದೂರದಲ್ಲೇ ನಿಂತು, “ಮನೇಲಿ ಹೆಂಗಿದೆ ಬಚ್ಚಪ್ಪ?” ಎನ್ನುತ್ತಾರೆ. “ಪರವಾಗಿಲ್ಲ. ಇವತ್ತು ಎದ್ದು ನಿಂತ್ಕೊಂತು” ಎನ್ನುತ್ತಾನೆ. ಹೇಳಿದ್ದು ಒಂದೂ ಸುಳ್ಳಲ್ಲ. ಬಟ್ಟಲಿನದನ್ನೆಲ್ಲ ಒಳಗೆ ಒಬ್ಬನೇ ಕೂತು ಉಣ್ಣುತ್ತಿದ್ದ. ಕೋಳಿಯ ಬಾಯಿ ಬಿಡಿಸಿ ಬೆರಳಿನಿಂದ ಅಂಬಲಿ ಬಿಡುತ್ತಿದ್ದ, ಅರಿಶಿನ ಹಚ್ಚುತ್ತಿದ್ದ, ಮತ್ತೆ ಜಗಲಿಗೆ ಬಂದು ಕೂರುತ್ತಿದ್ದ, ಯಾರಾದರೂ ಕೇಳಲಿ ಎಂದು.

ಸಿಡುಬು ಸರ್ಕಾರಕ್ಕೂ ಸೇರಿದ್ದು. ಹೆಲ್ತ್ ಇನ್ಸ್‌ಪೆಕ್ಟರ್ ಒಬ್ಬರು ತಲೆಗೆ ಸೋಲಾ ಟೋಪಿ ಇಟ್ಟುಕೊಂಡು, ದಾಕು ಹಾಕುವವನನ್ನು ಹಿಂದೆ ಹಾಕಿಕೊಂಡು ಬಂದರು. ದಾಕಿನವನು ಬೀದಿಯ ಒಂದು ತುದಿಯಿಂದ ಶುರುಮಾಡಿ ಸಿಕ್ಕವರ ತೋಳಿಗೆಲ್ಲ ಚುಚ್ಚಿಕೊಂಡು ಬಂದ. ಮಕ್ಕಳು ಬಚ್ಚಪ್ಪನ ಹೆಸರು ಹಿಡಿದು ಅತ್ತವು. ಇನ್ಸ್‌ಪೆಕ್ಟರು ಅವನ ಮನೆಯ ಮುಂದೆ ನಿಂತು, “ಪೇಷೆಂಟನ್ನ ನೋಡ್ಬೇಕು” ಎಂದರು.

“ಬೂಟು ಬಿಚ್ಚಿ ಹೋಗ್ಬೇಕು ಸ್ವಾಮಿ. ಒಳಗೆ ಅಮ್ಮ ಐತೆ” ಎಂದಳು ದೊಡ್ಡವೆಂಕಟಮ್ಮ ತನ್ನ ಜಗಲಿಯಿಂದ.

ಬೂಟಿಗೆ ಉದ್ದನೆಯ ಲಾಡಿ. ಇನ್ಸ್‌ಪೆಕ್ಟರಿಗೂ ಒಳಗೆ ಹೋಗುವ ಉತ್ಸಾಹ ಅಷ್ಟಾಗಿ ಇರಲಿಲ್ಲ. ಬೀದಿಯಲ್ಲೇ ನಿಂತು ವಿಚಾರಣೆ ಮಾಡಿದರು.

“ಗುಳ್ಳೆ ಎಲ್ಲೆಲ್ಲಿ?”

“ಮುಖದಲ್ಲಿ ಸಾರ್. ಕಣ್ಣಿನ ಸುತ್ತ. ಜುಟ್ಟಿನ ಮೇಲೆ ಜಾಸ್ತಿ.”

“ಮೈಮೇಲೆ?”

“ಮೈ ಕಾಣಿಸಲ್ಲ ಸಾರ್. ಮುಚ್ಕೊಂಡಿದೆ.”

“ಕಾಲು?”

“ಕಾಲಲ್ಲಿ ಹೊಪ್ಪಳಿಕೆ ಹುಟ್ಟಿದಾಗಿಂದ ಇದೆ ಸಾರ್. ಜುಟ್ಟೇ ನೋಡೋಕಾಗಲ್ಲ. ಕೆಂಪಗಿತ್ತು, ಕಪ್ಪಗಾಗಿದೆ.”

ಇನ್ಸ್‌ಪೆಕ್ಟರು ಹುಬ್ಬು ಗಂಟಿಕ್ಕಿದರು. “ಹೆಂಗಸಿನ ಜುಟ್ಟು ಕೆಂಪಗಿತ್ತಾ?”

“ಎಣ್ಣೆ ಕಾಣದ ತಲೆ ಸ್ವಾಮಿ” ಎಂದಳು ದೊಡ್ಡವೆಂಕಟಮ್ಮ. “ಇವನು ಒಂದು ದಿನ ಎಣ್ಣೆ ತಂದ್ಕೊಟ್ಟಿದ್ರೆ ತಾನೆ. ಕೆಂಪಗಾಗ್ದೆ ಇನ್ನೇನಾಗತ್ತೆ.”

ಈ ಉತ್ತರ ಸರ್ಕಾರಕ್ಕೆ ಸಮರ್ಪಕವಾಗಿ ಕಂಡಿತು. ಬಾವಿಗೆ ಔಷಧಿ ಹಾಕಲು ಹೇಳಿ ಇನ್ಸ್‌ಪೆಕ್ಟರು ಹೊರಟರು. ಹೋಗುವಾಗ ಅವರೂ, “ಬರ್ತೀನಿ” ಎಂದರು.

ಇತ್ತ ಕದಿರೇಶ ಸುಮ್ಮನಿರಲಿಲ್ಲ. ಬಸ್ಸು ಏರಿನಲ್ಲಿ ನಿಂತಾಗಲೆಲ್ಲ ತಳ್ಳುವ ಜನಕ್ಕೆ ಬಚ್ಚಪ್ಪನ ಹೆಂಡತಿಯ ಕಥೆ ಹೇಳಿದ. ಸುಗಟೂರು ದಾಟುವ ಹೊತ್ತಿಗೆ ಆಕೆಗೆ ಎರಡು ಕಣ್ಣೂ ಹೋಗಿದ್ದವು. ಶ್ರೀನಿವಾಸಪುರ ಮುಟ್ಟಿದಾಗ ಕದಿರೇಶನ ಕಣ್ಣಲ್ಲೇ ನೀರಿತ್ತು. ಇಷ್ಟಾದ ಮೇಲೆ ತವರಿಗೆ ತಿಳಿಸದಿದ್ದರೆ ಹೇಗೆ ಎಂದು ಅವನು ನೇರವಾಗಿ ಆಕೆಯ ಅಣ್ಣ ವೆಂಕಟರಮಣಪ್ಪನ ಮಾವಿನ ಮಂಡಿಗೆ ಹೋದ. ಆಮೇಲೆ ನಡೆದದ್ದನ್ನು ಅವನೇ ಬಸ್ ಸ್ಟ್ಯಾಂಡಿನಲ್ಲಿ ಬಹಳ ದಿನ ಹೇಳುತ್ತಿದ್ದ.

“ಅಣ್ಣಾ, ಮನಸ್ಸು ಗಟ್ಟಿ ಮಾಡ್ಕೊಳಿ, ನಿಮ್ಮ ತಂಗಿಗೆ ಕೋಲಾರದಲ್ಲಿ ಅಮ್ಮ ಆಗಿದೆ ಅಂದೆ. ಆ ಮಾರಾಯ ನನ್ನ ನೋಡ್ತಾನೆ, ಪಕ್ಕಕ್ಕೆ ನೋಡ್ತಾನೆ. ಪಕ್ಕದಲ್ಲಿ ಆಯಮ್ಮ ಹುಲ್ಲು ಹಾಸ್ಕೊಂಡು ಹಣ್ಣಿಗೆ ಕಾಯಿ ಇಡ್ತಾ ಕೂತೌಳೆ. ಗುಂಡುಕಲ್ಲು ಇದ್ದಂಗೆ. ನನ್ನ ಬಾಯಿ ಎಲ್ಲಿ ಸುಮ್ನಿರತ್ತೆ? ಅಕ್ಕಾ, ನೀವು ಇಲ್ಲಿದ್ರೆ ಅಲ್ಲಿ ಮನೇಲಿರೋದು ಯಾರು ಅಂದ್ಬಿಟ್ಟೆ.”

ಆದಿಲಕ್ಷ್ಮಮ್ಮ ಕೈಯಲ್ಲಿದ್ದ ಮಾವಿನಕಾಯಿಯನ್ನು ಹುಲ್ಲಿನ ಮೇಲೆ ಇಟ್ಟಳಂತೆ. ಎದ್ದು ಸೆರಗು ಸಿಕ್ಕಿಸಿಕೊಂಡಳಂತೆ. ಅಣ್ಣ ಏನೋ ಹೇಳಿದನಂತೆ, ಅದು ಅವಳಿಗೆ ಕೇಳಿಸಲಿಲ್ಲವಂತೆ. ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೆ ಹತ್ತಿದಳು. ಯಾವ ಏರಿನಲ್ಲೂ ಇಳಿಯಲಿಲ್ಲ. ಅವಳ ಮುಖ ನೋಡಿ ಯಾರೂ ಇಳಿ ಎನ್ನಲೂ ಇಲ್ಲ.

ಕೋಲಾರದ ಬೀದಿಯಲ್ಲಿ ಅವಳು ನಡೆದು ಬರುವುದನ್ನು ಮೊದಲು ಕಂಡದ್ದು ದೊಡ್ಡವೆಂಕಟಮ್ಮ. ಒಳಗೆ ಕಣ್ಣು ಕಟ್ಟಿ, ಗಂಟಲು ಕಟ್ಟಿ ಮಲಗಿದ್ದವಳು ಹೊರಗಿನಿಂದ, ಒಂದು ಮಚ್ಚೆಯಿಲ್ಲದ ಮುಖ ಹೊತ್ತು ಬರುತ್ತಿದ್ದಾಳೆ. ದೊಡ್ಡವೆಂಕಟಮ್ಮನ ಕೈಯಲ್ಲಿದ್ದ ಮಜ್ಜಿಗೆ ಚೆಂಬು ಓರೆಯಾಯಿತು.

“ಎಲ್ಲಿ ಅವಳು?” ಎಂದಳು ಆದಿಲಕ್ಷ್ಮಮ್ಮ.

ಬಚ್ಚಪ್ಪ ಜಗಲಿಯಿಂದ ಎದ್ದು ನಿಂತ. “ಬಂದ್ಯಾ?” ಎಂದ. ಅವನ ಮುಖದಲ್ಲಿ ಮೂಡಿದ ಸಂತೋಷ ನೋಡಿ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

“ಎಲ್ಲಿ ಅಂದೆ.”

“ಒಳಗೆ ಮಲಗಿದೆ.”

ಅವಳು ಬೇವಿನ ಸೊಪ್ಪು ಸರಿಸಿ ಒಳಗೆ ನುಗ್ಗಿದಳು. ಬೀದಿಯೆಲ್ಲ ಬಾಗಿಲಿಗೆ ಬಂದು ನಿಂತಿತು. ಅಮ್ಮನ ಭಯ ಒಂದು ಕಡೆ, ಆದರೆ ಇಂಥದ್ದು ದಿನಾ ಸಿಗುವುದಿಲ್ಲ. ಮೂಲೆಯಲ್ಲಿ ಆದಿಲಕ್ಷ್ಮಮ್ಮನದೇ ಹಳೆ ಸೀರೆ ಮಡಿಸಿ ಹಾಸಿತ್ತು. ಅದರ ಮೇಲೊಂದು ಬುಟ್ಟಿ. ಬುಟ್ಟಿಯಲ್ಲಿ ಮುಖಕ್ಕೆಲ್ಲ ಅರಿಶಿನ ಬಳಿದುಕೊಂಡು ಕರಿ ಕೋಳಿ ಕೂತಿತ್ತು. ಅದು ಅವಳನ್ನು ಒಂದೇ ಕಣ್ಣಿನಿಂದ ನೋಡಿ, ಗುರುತು ಹಿಡಿದು, ಕೊರ್ರ್ ಎಂದಿತು.

ಹೊರಗೆ ದೊಡ್ಡವೆಂಕಟಮ್ಮ ಆ ದನಿಯನ್ನು ಗುರುತಿಸಿದಳು. ಬೇರೆ ಹೆಂಗಸರು ಅವಳ ಮುಖ ನೋಡಿದರು. ಹಗಲೂ ಸಂಜೆಯೂ ಮೊಸರನ್ನ ತಂದಿಟ್ಟ ಹೆಂಗಸಿಗೆ ಈಗ ಎರಡೇ ದಾರಿ: ಕೋಳಿಗೆ ಕೊಟ್ಟೆ ಎಂದು ಒಪ್ಪಿಕೊಳ್ಳುವುದು, ಇಲ್ಲ ಅಮ್ಮನಿಗೆ ಕೊಟ್ಟೆ ಎನ್ನುವುದು. ದೊಡ್ಡವೆಂಕಟಮ್ಮ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

“ಏನ್ ಹಂಗೆ ನೋಡ್ತೀರೇ? ಅಮ್ಮ ಯಾರ ಮೈಮೇಲೆ ಬಂದ್ರೂ ಅಮ್ಮನೇ. ಬೇವು ಕಟ್ಟಿದ್ದಾಯ್ತು, ತಂಪು ಮಾಡಿದ್ದಾಯ್ತು. ಇವತ್ತು ನೀರು ಹಾಕಿ ಊರಾಚೆ ಕಳಿಸ್ಬೇಕು. ಹೋಗಿ ಬಿಂದಿಗೆ ತನ್ನಿ.”

ಒಳಗೆ ಆದಿಲಕ್ಷ್ಮಮ್ಮ ಕುಕ್ಕರುಗಾಲಲ್ಲಿ ಕೂತು ಕೋಳಿಯ ರೆಕ್ಕೆ ಎತ್ತಿ ನೋಡಿದಳು. ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟಿದ್ದವು. “ಯಾರು ನೋಡ್ಕೊಂಡಿದ್ದು?” ಎಂದಳು.

“ನಾನೇ. ಬೆರಳಲ್ಲಿ ಅಂಬಲಿ ಬಿಟ್ಟೆ.”

“ಕೆಲಸ?”

“ಮಧ್ಯಾಹ್ನ ಬಿಟ್ಟು ಬರ್ತಿದ್ದೆ. ಟಿಕೆಟ್ಟು ಕದಿರೇಶ ನೋಡ್ಕೋತಿದ್ದ.”

ಅವಳು ಎತ್ತಿದ ರೆಕ್ಕೆಯನ್ನು ಕೆಳಗೆ ಬಿಟ್ಟಳು. “ಕೋಳಿಗೆ ಬಸ್ಸು ಬಿಟ್ಟು ಬಂದ್ರಿ” ಎಂದಳು.

ಬಚ್ಚಪ್ಪ ಇದನ್ನು ಹೊಗಳಿಕೆ ಎಂದುಕೊಂಡ. “ದಿನಾ ಬಂದೆ” ಎಂದ.

ಅವಳು ಎದ್ದು ರಾಗಿ ಡಬ್ಬಿಯ ಕಡೆ ಹೋದಳು. ಅವನಿಗೆ ಎಲ್ಲೋ ತಪ್ಪಿತು ಎಂಬುದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. “ಪೂರ್ತಿ ವಾಸಿ ಆಗಿಲ್ಲ ಅದಕ್ಕೆ. ಆಗೋವರೆಗಾದ್ರೂ ಇರಬಹುದಿತ್ತು” ಎಂದ.

ಆದಿಲಕ್ಷ್ಮಮ್ಮ ಡಬ್ಬಿಯಿಂದ ಒಂದು ಹಿಡಿ ರಾಗಿ ತೆಗೆದು ನೆಲಕ್ಕೆ ಚೆಲ್ಲಿದಳು. ಡಬ್ಬಿ ಅವಳು ಇಟ್ಟ ಜಾಗದಲ್ಲೇ ಇತ್ತು. ಕೋಳಿ ಬುಟ್ಟಿಯಿಂದ ಇಳಿದು ಟಕಟಕನೆ ಕುಕ್ಕಿ ಅಷ್ಟನ್ನೂ ಮುಗಿಸಿತು. ಇನ್ನೆರಡು ದಿನ ಕಾಯಿಲೆ ಬಿದ್ದಿದ್ದರೆ ಅದರ ಗಂಟೇನೂ ಹೋಗುತ್ತಿರಲಿಲ್ಲ.

“ವಾಸಿ ಆಗಿದೆ, ನೋಡಿ” ಎಂದಳು. “ನಾನು ಸಾಕಿದ್ದು. ತಗೊಂಡು ಹೋಗ್ತೀನಿ.”

ಮಧ್ಯಾಹ್ನ ಬಸ್ ಸ್ಟ್ಯಾಂಡಿಗೆ ಮೆರವಣಿಗೆ ಹೊರಟಿತು. ಮುಂದೆ ದೊಡ್ಡವೆಂಕಟಮ್ಮ, ಬಿಂದಿಗೆಯಿಂದ ಬೇವಿನ ನೀರು ಚಿಮುಕಿಸುತ್ತಾ. ಹಿಂದೆ ಬೀದಿಯ ಹೆಂಗಸರು ತಂಬಿಟ್ಟು ಹಿಡಿದು. ನಡುವೆ ಆದಿಲಕ್ಷ್ಮಮ್ಮ, ಕಂಕುಳಲ್ಲಿ ಬುಟ್ಟಿ. ತಲೆಗೆ ನೀರು ಬಿದ್ದು ಕೋಳಿ ಮುದುರಿಕೊಂಡಿತ್ತು. ಎಲ್ಲರ ಹಿಂದೆ ಬಚ್ಚಪ್ಪ.

ಬಸ್ಸು ತುಂಬಿತ್ತು. ಆದಿಲಕ್ಷ್ಮಮ್ಮ ಮೇಜಿನ ಮುಂದೆ ನಿಂತಳು. ಬಚ್ಚಪ್ಪ ಅಭ್ಯಾಸಬಲದಿಂದ ಮೇಜಿನ ಹಿಂದೆ ಹೋಗಿ ನಿಂತು, ಬಸ್ಸಿನ ಕಡೆ ನೋಡಿ, “ಸೀಟಿ…” ಎಂದು ಬಾಯಿ ತೆರೆದ. ಅವಳು ಅವನನ್ನು ನೋಡಿದಳು. ಅವನು ಬಾಯಿ ಮುಚ್ಚಿದ.

ಡ್ರೈವರ್ ಪಕ್ಕದ ಒಳ್ಳೆಯ ಸೀಟಿನಲ್ಲಿ ಹೆಲ್ತ್ ಇನ್ಸ್‌ಪೆಕ್ಟರು ಸೋಲಾ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬಚ್ಚಪ್ಪ ಹೋಗಿ ಅವರ ಮುಂದೆ ನಿಂತ.

“ಇಳೀರಿ ಸಾರ್.”

ಬಸ್ಸಿನ ಪಕ್ಕ ನಿಂತಿದ್ದ ಓಬೇದುಲ್ಲಾ ಸಾಹೇಬರು ಕೈಯಲ್ಲಿದ್ದ ವೀಳ್ಯ ಕೆಳಗೆ ಬಿಟ್ಟರು. ಇನ್ಸ್‌ಪೆಕ್ಟರು ಕೆಂಪಗಾದರು. “ಯಾರು ಅಂತ ತಿಳ್ಕೊಂಡಿದ್ದೀಯ ನನ್ನ? ಯಾಕೆ ಇಳೀಬೇಕು?”

“ಮನೇಲಿ ಊರಿಗೆ ಹೋಗ್ಬೇಕು.”

ಇನ್ಸ್‌ಪೆಕ್ಟರು ಕಿಟಕಿಯಿಂದ ನೋಡಿದರು. ಬೇವಿನ ಸೊಪ್ಪು, ಬಿಂದಿಗೆ, ನಡುವೆ ಒಬ್ಬ ಹೆಂಗಸು, ಹಿಂದೆ ಅಮ್ಮಾ ತಾಯಿ ಎನ್ನುವ ಗುಂಪು. ಗುಳ್ಳೆ ಹಕ್ಕಳೆ ಕಟ್ಟುವ ಹೊತ್ತಿನಲ್ಲೇ ಅಂಟುವುದು ಹೆಚ್ಚು ಎಂದು ಅವರು ಊರೂರಿನಲ್ಲಿ ಭಾಷಣ ಮಾಡಿದವರು. ಟೋಪಿ ಮರೆತು ಇನ್ನೊಂದು ಬಾಗಿಲಿನಿಂದ ಇಳಿದರು. ಅವರ ಹಿಂದೆ ಇನ್ನೂ ಅರ್ಧ ಬಸ್ಸು ಇಳಿಯಿತು. ಹೀಗೆ ಬಚ್ಚಪ್ಪ ಜೀವಮಾನದಲ್ಲಿ ಒಮ್ಮೆ ಹೆಂಡತಿಗೆಂದು ನಿಯಮ ಮುರಿದ. ಅವಳು ಹೋಗುವುದಕ್ಕೆ.

ಇದ್ದಿಲ ಬಸ್ಸು ಹೊರಡು ಎಂದರೆ ಹೊರಡುವುದಿಲ್ಲ. ಕ್ಲೀನರ್ ಹಿಂದೆ ನಿಂತು ಒಲೆಯ ಗಾಳಿಚಕ್ರ ತಿರುಗಿಸಬೇಕು, ಹೊಗೆ ಏಳಬೇಕು, ಡ್ರೈವರ್ ಮೂಸಿ ನೋಡಿ ಆಯಿತು ಎನ್ನಬೇಕು. ಕಳಿಸಲು ಬಂದವರು ಹೇಳುವುದನ್ನೆಲ್ಲ ಹೇಳಿ ಮುಗಿಸಿ ಸುಮ್ಮನೆ ನಿಲ್ಲಬೇಕು. ಬಚ್ಚಪ್ಪ ಕಿಟಕಿಯ ಕೆಳಗೆ ನಿಂತಿದ್ದ.

“ಅರಿಶಿನ ಜಾಸ್ತಿ ಆಯ್ತು” ಎಂದಳು ಆದಿಲಕ್ಷ್ಮಮ್ಮ, ಕೋಳಿಯ ಮುಖ ಒರೆಸುತ್ತಾ.

“ಹ್ಞೂಂ.”

“ಸೀರೆ ಒಗೆದಿಡಿ.”

“ಹ್ಞೂಂ.”

ಇಂಜಿನ್ ಗುಡುಗಿತು. ಹೆಂಗಸರು ಒಟ್ಟಿಗೆ, “ತಣ್ಣಗೆ ಹೋಗು ತಾಯಿ, ಗಡಿಯಾಚೆ ಹೋಗು ತಾಯಿ” ಎಂದು ನೀರು ಚಿಮುಕಿಸಿದರು. ಬಸ್ಸು ಒಂದು ಸಲ ಹಿಂದಕ್ಕೆ ಜಗ್ಗಿ ಮುಂದಕ್ಕೆ ಹೊರಟಿತು. ಆದಿಲಕ್ಷ್ಮಮ್ಮ ಕಿಟಕಿಯಿಂದ ತಿರುಗಿ ಏನೋ ಅಂದಳು. ಬಚ್ಚಪ್ಪನಿಗೆ ‘ಬರ್ತೀ’ ಎನ್ನುವುದಷ್ಟು ಕೇಳಿಸಿತು. ಕೊನೆಯ ಅಕ್ಷರವನ್ನು ಇಂಜಿನ್ ನುಂಗಿತು. ಬರ್ತೀನಿ ಅಂದಳೋ, ಬರ್ತೀರಾ ಅಂದಳೋ.

ಅವನು ಎರಡು ಹೆಜ್ಜೆ ಓಡಿದ. ಹೊಗೆಯಲ್ಲಿ ಕೆಮ್ಮು ಬಂತು. ಯಾವುದಕ್ಕೂ ಇರಲಿ ಎಂದು ಕೈ ಎತ್ತಿ, ಬೀದಿಗೆಲ್ಲ ಕೇಳುವ ಹಾಗೆ, “ಹೋಗಿ ಬಾ” ಎಂದು ಕೂಗಿದ.

ಹಿಂದೆ ಹೆಂಗಸರ ಗುಂಪು ಗರಬಡಿದು ನಿಂತಿತು. ದೊಡ್ಡವೆಂಕಟಮ್ಮ ಬಿಂದಿಗೆ ಕೆಳಗಿಟ್ಟಳು. “ಏನಂದ್ಯೋ ಪಾಪಿ? ಊರೆಲ್ಲಾ ಸೇರಿ ಅಮ್ಮನ್ನ ಹೋಗು ಹೋಗು ಅಂತ ಕಳಿಸ್ತಿದ್ರೆ, ನೀನು ಹೋಗಿ ಬಾ ಅಂತೀಯಾ? ಸಿಡುಬಮ್ಮನ್ನ ಯಾರಾದ್ರೂ ಬಾ ಅಂತಾರಾ?”

“ನಾನು ಅವಳಿಗೆ ಹೇಳಿದ್ದು” ಎಂದ ಬಚ್ಚಪ್ಪ. ಅವನ ಬಾಯಲ್ಲಿ ಹೆಂಡತಿ ‘ಅದು’ ಹೋಗಿ ‘ಅವಳು’ ಆದದ್ದು ಅದೇ ಮೊದಲು. ಆದರೆ ಹೆಂಗಸರು ಸಿಡುಬಮ್ಮನನ್ನೂ ಅವಳು ಎಂದೇ ಕರೆಯುವುದರಿಂದ ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಆವತ್ತಿನಿಂದ ಮೊಸರನ್ನ ನಿಂತಿತು. ಮನೇಲಿ ಹೆಂಗಿದೆ ಎಂದು ಕೇಳುವವರೂ ನಿಂತರು.

ಸಂಜೆ ಬಸ್ಸು ವಾಪಸು ಬಂದಾಗ ಕದಿರೇಶನನ್ನು ಕೇಳಿದ. “ಹೋಗುವಾಗ ಏನೋ ಅಂದಿತಲ್ಲ, ನಿಂಗೆ ಕೇಳಿಸ್ತಾ?”

“ಆ ಸದ್ದಲ್ಲಿ ಎಲ್ಲಿ ಕೇಳ್ಸತ್ತಣ್ಣ. ಬರ್ತೀನಿ ಅಂದಿರ್ತಾರೆ. ಎಲ್ರೂ ಅದೇ ಅಲ್ವಾ ಅನ್ನೋದು.”

ಬಚ್ಚಪ್ಪ ಅದಾದ ಮೇಲೂ ಬೇವಿನ ಮರದ ಕೆಳಗೆ ಟಿಕೆಟ್ ಕೊಡುತ್ತಾನೆ. ಶ್ರೀನಿವಾಸಪುರದ ಬಸ್ಸಿನಲ್ಲಿ ಡ್ರೈವರ್ ಪಕ್ಕದ ಸೀಟನ್ನು ಮಾತ್ರ, ಗಾಳಿಚಕ್ರ ತಿರುಗಿ ಹೊಗೆ ಏಳುವ ತನಕ, ಯಾರಿಗೂ ಕೊಡುವುದಿಲ್ಲ. ತಾನೇ ಹೊರಟವನ ಹಾಗೆ ಟೋಪಿ ಸರಿಮಾಡಿಕೊಂಡು ಒಂದೆರಡು ಸಲ ಬಸ್ಸಿನ ಮೆಟ್ಟಿಲ ತನಕ ಹೋಗಿ ಬಂದದ್ದೂ ಉಂಟು. ಖಾಲಿ ಇದೆಯಲ್ಲಯ್ಯಾ, ಯಾರಿಗೆ ಇಟ್ಟಿದ್ದೀಯ ಎಂದು ಜನ ಜಗಳಕ್ಕೆ ಬಂದರೆ, “ಒಬ್ರು ಬರ್ತೀನಿ ಅಂದಿದ್ದಾರೆ” ಎನ್ನುತ್ತಾನೆ. ಆಮೇಲೆ ಇಂಜಿನ್ ಗುಡುಗುತ್ತದೆ. ಓಡಿಬಂದವರು ಯಾರಾದರೂ ಆ ಸೀಟಿನಲ್ಲಿ ಕೂತು ಹೋಗುತ್ತಾರೆ.